ಅಲುಗಾಡದ ಎಂಟುನೂರ ನಲವತ್ತು

ಹ್ಯಾಂಗ್ ಆದ ಕಂಪ್ಯೂಟರು ನೋಡುವುದಕ್ಕೆ ಕೆಟ್ಟುಹೋದ ಕಂಪ್ಯೂಟರಿನ ಹಾಗೆ ಕಾಣುವುದಿಲ್ಲ. ಕೆಟ್ಟದ್ದು ಕಪ್ಪಾಗುತ್ತದೆ, ಕಿರ್ರೆನ್ನುತ್ತದೆ, ಇಲ್ಲವೇ ಸುಟ್ಟ ವಾಸನೆ ಬಿಡುತ್ತದೆ. ಹ್ಯಾಂಗ್ ಆದದ್ದು ಮಾತ್ರ ಕೊನೆಯ ಗಳಿಗೆಯಲ್ಲಿ ಏನು ತೋರಿಸುತ್ತಿತ್ತೋ ಅದನ್ನೇ ತೋರಿಸುತ್ತಾ, ಎಲ್ಲ ಸರಿಯಾಗಿದೆ ಅನ್ನುವ ಮುಖ ಮಾಡಿಕೊಂಡು ಕೂತಿರುತ್ತದೆ. ಹಾರ್ಡ್‌ವೇರ್ ಕೆಲಸಕ್ಕೆ ಹೊಸದಾಗಿ ಸೇರುವವರು ಏನಾದರೂ ಹೇಳಿ ಅಂದರೆ ನಾನು ಮೊದಲು ಹೇಳುವುದು ಇದನ್ನೇ. ಪುಸ್ತಕದಿಂದ ಕಲಿತದ್ದಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ, ಕಣ್ಣೆದುರಿಗೆ ಬೆಂಕಿ ಏಳುವುದನ್ನು ನೋಡಿ ಕಲಿತದ್ದು. ಕೆಲಸ ಬಿಟ್ಟು ಮನೆಯಲ್ಲಿ ಕೂತು ಇಷ್ಟು ಕಾಲವಾದರೂ ಕುಕ್ಕರಿನ ಮುಚ್ಚಳ ತೆಗೆಯುವಾಗ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ.

ಆ ಶೆಡ್ಡಿಗೆ ಬರುವ ಮೊದಲು ನಮ್ಮ ಕೆಲಸ ಹೇಗಿತ್ತು ಅನ್ನುವುದನ್ನು ಹೇಳಬೇಕು.

ನಾನು ಬಿ.ಎಸ್ಸಿ. ಓದಿದವಳು, ಎಲೆಕ್ಟ್ರಾನಿಕ್ಸ್ ಮುಖ್ಯ ವಿಷಯ. ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳಲ್ಲಿ ರಾಜಾಜಿನಗರದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಸಣ್ಣ ಸರ್ವಿಸ್ ಕಂಪನಿಯಲ್ಲಿದ್ದೆ. ಅಂಗಡಿ, ಶಾಲೆ, ಕಾರ್ಖಾನೆ, ಆಡಿಟರ್ ಆಫೀಸು, ಯಾರ ಕಂಪ್ಯೂಟರ್ ಕೆಟ್ಟರೂ ಫೋನು ನಮಗೆ. ನಮ್ಮ ಮೇಲಿದ್ದವರು ಗೋಪಿನಾಥ್ ಸಾರ್. ಒಳ್ಳೆಯವರು, ಮಾತು ಕಡಿಮೆ, ಔಷಧವೂ ಒಂದೇ. ಯಾವ ರೋಗ ಹೇಳಿದರೂ, "ಫಾರ್ಮ್ಯಾಟ್ ಹೊಡೀರಿ, ಸಹಿ ತಗೊಳ್ಳಿ, ಬನ್ನಿ" ಅನ್ನುತ್ತಿದ್ದರು. ಡಿಸ್ಕನ್ನು ಪೂರ್ತಿ ಅಳಿಸಿ ಎಲ್ಲವನ್ನೂ ಹೊಸದಾಗಿ ತುಂಬುವುದೇ ಫಾರ್ಮ್ಯಾಟ್. ಹತ್ತರಲ್ಲಿ ಏಳು ಸಲ ಅದರಿಂದ ವಾಸಿಯೂ ಆಗುತ್ತಿತ್ತು ಅನ್ನುವುದೇ ಕಷ್ಟ. ಉಳಿದ ಮೂರರಲ್ಲಿ ಏನು ಮಾಡಬೇಕೆಂದು ಯಾರಿಗೂ ಕೇಳಬೇಕು ಅನ್ನಿಸುತ್ತಿರಲಿಲ್ಲ.

ವಿಜಯನಗರದ ಒಂದು ಬ್ರೌಸಿಂಗ್ ಸೆಂಟರ್ ಅಂಥ ಉಳಿದ ಮೂರರಲ್ಲಿ ಒಂದು. ನಾನು ಬ್ಯಾಗ್ ಹಿಡಿದು ಒಳಗೆ ಹೋದಾಗ ಅಂಗಡಿಯ ಹುಡುಗ ನನ್ನ ಹಿಂದೆ ಬಾಗಿಲಿನ ಕಡೆ ಇಣುಕಿದ.

"ಮೇಡಮ್, ನೀವು ಬಿಲ್ ತಂದಿದೀರಾ? ಇಂಜಿನಿಯರ್ ಹಿಂದೆ ಬರ್ತಾ ಇದಾರಾ?"

"ಇಂಜಿನಿಯರ್ ಬಂದಾಯ್ತು. ಒಂದು ಸ್ಟೂಲ್ ಕೊಡಿ."

ಅಲ್ಲಿನ ಮುಖ್ಯ ಕಂಪ್ಯೂಟರಿನಲ್ಲಿ ಫೋನ್ ಲೈನಿಗೆ ಒಂದು ಮೋಡೆಮ್ ಕಾರ್ಡು, ಉಳಿದ ಕಂಪ್ಯೂಟರುಗಳಿಗೆ ಹೋಗಲು ಒಂದು ನೆಟ್‌ವರ್ಕ್ ಕಾರ್ಡು. ಇಂಟರ್‌ನೆಟ್ಟಿಗೆ ಸಂಪರ್ಕ ಸಿಕ್ಕ ಕೂಡಲೇ ಇಡೀ ಯಂತ್ರ ಕಲ್ಲಾಗುತ್ತಿತ್ತು. ಎರಡು ಸಲ ಫಾರ್ಮ್ಯಾಟ್ ಆಗಿತ್ತು. ನಾನು ಮುಚ್ಚಳ ಬಿಚ್ಚಿ ಎಲ್ಲ ಕಾರ್ಡುಗಳನ್ನೂ ತೆಗೆದು ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟೆ. ಮೂಲೆಯಲ್ಲಿದ್ದ ಕಾಲೇಜು ಹುಡುಗ ಪಕ್ಕದವನಿಗೆ ಪಿಸುಗುಟ್ಟಿದ: "ಮಚ್ಚಾ, ಆಂಟಿ ಪೂರ್ತಿ ಬಿಚ್ಚಿಬಿಟ್ರು ಕಣೋ. ಇವತ್ತು ಚಾಟಿಂಗ್ ಗೋವಿಂದ."

ವಿಷಯ ಇಷ್ಟೇ. ಕಂಪ್ಯೂಟರಿನೊಳಗೆ ಪ್ರತಿ ಕಾರ್ಡಿಗೂ ಯಂತ್ರದ ಮೆದುಳಾದ ಪ್ರೊಸೆಸರನ್ನು ಕರೆಯಲು ಒಂದು ತಂತಿ ಬೇಕು. ಮನೆಯ ಕಾಲಿಂಗ್ ಬೆಲ್ ಅಂದುಕೊಳ್ಳಿ. ಎರಡು ಬಾಗಿಲಿಗೆ ಒಂದೇ ಬೆಲ್ ಕೊಟ್ಟರೆ, ಅದು ಬಡಿದಾಗ ಮನೆಯವರು ಒಂದು ಬಾಗಿಲಿಗೆ ಓಡುತ್ತಾರೆ, ಅಲ್ಲಿ ಯಾರೂ ಇರುವುದಿಲ್ಲ, ವಾಪಸು ಬರುತ್ತಾರೆ, ಬೆಲ್ ಇನ್ನೂ ಬಡಿಯುತ್ತಲೇ ಇರುತ್ತದೆ, ಮತ್ತೆ ಅದೇ ಬಾಗಿಲಿಗೆ ಓಡುತ್ತಾರೆ. ಬೇರೆ ಯಾವ ಕೆಲಸವೂ ಆಗುವುದಿಲ್ಲ. ಅದೇ ಹ್ಯಾಂಗ್. ಹಳೆಯ ಕಾರ್ಡುಗಳಲ್ಲಿ ಯಾವ ಬೆಲ್ ಅನ್ನುವುದನ್ನು ಜಂಪರ್ ಎಂಬ ಪುಟ್ಟ ಟೋಪಿಯಿಂದ ನಾವೇ ಆರಿಸಬೇಕಿತ್ತು. ಉಗುರಿಗಿಂತ ಚಿಕ್ಕದು. ನಾನು ಅದನ್ನು ಚಿಮುಟದಲ್ಲಿ ಎತ್ತಿ ಪಕ್ಕದ ಎರಡು ಮೊಳೆಗಳ ಮೇಲೆ ಕೂರಿಸಿದೆ. ಯಂತ್ರ ಓಡಿತು. "ಆಂಟಿ ಅಲ್ಲ ಕಣೋ, ಮೇಡಮ್ ಅನ್ನು" ಎಂದು ಆ ಹುಡುಗನ ತಲೆಗೆ ಅವನ ಸ್ನೇಹಿತ ಮೊಟಕಿದ. ನನಗೆ ಸಿಕ್ಕ ಮೊದಲ ಬಡ್ತಿ ಅದು ಅಂತ ಈಗಲೂ ಲೆಕ್ಕ ಇಟ್ಟಿದ್ದೇನೆ.

ಆಮೇಲೆ ಜಂಪರುಗಳು ಹೋದವು. ಕಾರ್ಡನ್ನು ತಳ್ಳಿದರೆ ಸಾಕು, ಬೆಲ್ಲುಗಳನ್ನು ಯಂತ್ರವೇ ಹಂಚಿಕೊಳ್ಳುತ್ತದೆ ಅಂದರು. ಅದಾದ ಮೇಲೆ ನೆಟ್‌ವರ್ಕ್ ಕಂಪ್ಯೂಟರಿನ ಮುಖ್ಯ ಬೋರ್ಡಿನೊಳಗೇ ಬಂತು. ಬಸವೇಶ್ವರನಗರದ ಒಂದು ಶಾಲೆಯವರು ಅಂಥ ಹೊಸ ಕಂಪ್ಯೂಟರುಗಳನ್ನು ತರಿಸಿದರು. ಅವನ್ನು ಜೋಡಿಸಿದವನು ಹಳೆಯ ಅಭ್ಯಾಸದಂತೆ ಪ್ರತಿಯೊಂದಕ್ಕೂ ಬೇರೆ ಕಾರ್ಡನ್ನೂ ಹಾಕಿ, ಉಳಿದ ತೂತು ಯಾಕೆ ಖಾಲಿ ಬಿಡಬೇಕೆಂದು ಎರಡಕ್ಕೂ ಕೇಬಲ್ ಚುಚ್ಚಿ ಹೋಗಿದ್ದ. ಎರಡು ದಾರಿ ಒಂದಕ್ಕೊಂದು ಅಡ್ಡ ಬಂದು ಲ್ಯಾಬು ಹತ್ತು ನಿಮಿಷ ನಡೆದು ಮಲಗುತ್ತಿತ್ತು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕೂರಿಸಿಕೊಂಡು, "ಮಕ್ಕಳು ಕೀಬೋರ್ಡ್ ಜೋರಾಗಿ ಕುಟ್ತಾರೆ, ಅದಕ್ಕೇ ಅಲ್ವೇನಮ್ಮ?" ಎಂದು ಕೇಳಿದರು. ಒಂದೊಂದು ಯಂತ್ರದಲ್ಲೂ ಹೆಚ್ಚಿನ ಕಾರ್ಡು ಕಿತ್ತು ಮಕ್ಕಳ ಮರ್ಯಾದೆ ಉಳಿಸಿ ಬಂದೆ.

ಯಂತ್ರವೇ ಬೆಲ್ಲು ಹಂಚಿಕೊಳ್ಳುತ್ತದೆ ಅನ್ನುವ ನಂಬಿಕೆ ಬಂದ ಮೇಲೆ ನಾವು ನೋಡುವುದನ್ನೇ ಬಿಟ್ಟೆವು. ಶೆಡ್ಡಿನ ಕತೆ ಆ ಕಾಲದ್ದು.

ಅದು ನಂಜುಂಡಯ್ಯನವರ ಕಾರ್ಖಾನೆ. ಗೇರು, ಶಾಫ್ಟುಗಳನ್ನು ಕೆಂಪಗೆ ಕಾಯಿಸಿ, ತಟ್ಟನೆ ಎಣ್ಣೆಯಲ್ಲಿ ಮುಳುಗಿಸಿ ಗಟ್ಟಿಮಾಡುವ ಕೆಲಸ. ಕರೆಂಟಿನ ದೊಡ್ಡ ಫರ್ನೇಸು, ಪಕ್ಕದಲ್ಲಿ ಎಣ್ಣೆಯ ತೊಟ್ಟಿ, ಎರಡರ ಮೇಲೆ ಓಡಾಡಿ ಭಾರ ಎತ್ತುವ ಹಾಯಿಸ್ಟು, ಅದರ ಕೊಂಡಿಗೆ ತೂಗುವ ಕಬ್ಬಿಣದ ಬುಟ್ಟಿ. ಫರ್ನೇಸಿನ ಶಾಖವನ್ನು ಒಂದು ಕಂಪ್ಯೂಟರು ನೋಡಿಕೊಳ್ಳುತ್ತಿತ್ತು. ಒಳಗಿದ್ದ ಶಾಖ ಅಳೆಯುವ ಕಡ್ಡಿಯ ತಂತಿ ಕಂಪ್ಯೂಟರಿನ ಕಂಟ್ರೋಲ್ ಕಾರ್ಡಿಗೆ ಬರುತ್ತಿತ್ತು. ಶಾಖ ಕಡಿಮೆಯಾದರೆ ಆ ಕಾರ್ಡು ಹೀಟರನ್ನು ಹಾಕುತ್ತಿತ್ತು, ಎಂಟುನೂರ ನಲವತ್ತು ಡಿಗ್ರಿ ದಾಟಿದರೆ ಆರಿಸುತ್ತಿತ್ತು. ಮೊದಲು ಗೋಡೆಯ ಮೇಲೆ ಬೇರೆಯೇ ಒಂದು ಶಾಖದ ಮೀಟರ್ ಇತ್ತಂತೆ. ಕಂಪ್ಯೂಟರ್ ಬಂದ ಮೇಲೆ ಇನ್ನೇಕೆ ಅದು ಎಂದು ಬಿಚ್ಚಿ ಗುಜರಿಗೆ ಹಾಕಿದ್ದರು.

ಆಯುಧಪೂಜೆ ಆದ ಮೇಲೆ ಆ ಕಂಪ್ಯೂಟರು ವಾರಕ್ಕೆ ಒಂದೆರಡು ಸಲ ಹ್ಯಾಂಗ್ ಆಗತೊಡಗಿತು. ನಮ್ಮವರು ಎರಡು ಸಲ ಹೋಗಿ ಫಾರ್ಮ್ಯಾಟ್ ಹೊಡೆದು ಬಂದಿದ್ದರು. ಮೂರನೆಯ ಸಲ ಗೋಪಿನಾಥ್ ಸಾರ್ ನನ್ನನ್ನು ಕರೆದರು.

"ಶೈಲಜಾ, ಒಂದ್ಸಲ ನೀವು ಹೋಗ್ಬನ್ನಿ. ಅದೇ ಫಾರ್ಮ್ಯಾಟ್ ಕೇಸು."

"ಎರಡು ಸಲ ಆಗಿದೆಯಲ್ಲ ಸಾರ್?"

"ಮೂರನೇದಕ್ಕೆ ವಾಸಿಯಾಗತ್ತೆ. ಹೋಗ್ಬನ್ನಿ."

ಬೆಳಿಗ್ಗೆ ಹೋದೆ. ಫರ್ನೇಸು ನಡೆಸುತ್ತಿದ್ದವನು ಶಿವಾನಂದ, ಬಾಗಲಕೋಟೆ ಕಡೆಯಿಂದ ಬಂದು ಒಂದು ವರ್ಷವೂ ಆಗಿರಲಿಲ್ಲ. ಹೊಸದಾಗಿ ಮದುವೆಯಾಗಿ, ಕುರುಬರಹಳ್ಳಿಯಲ್ಲಿ ಒಂದು ರೂಮು ಹಿಡಿದು, ಮುಂದಿನ ವಾರ ಹೆಂಡತಿಯನ್ನು ಕರೆತರುವವನಿದ್ದ. ಅದನ್ನು ನನಗೆ ಮೊದಲ ಐದು ನಿಮಿಷದಲ್ಲೇ ಹೇಳಿದ. "ಮೇಡಂ, ನಿಮ್ಮ ಕಂಪ್ಯೂಟರ್ ಭಾಳ ಸೊಕ್ಕಿಂದ್ ಐತ್ರಿ. ನೀವ್ ಬಂದ್ರ ಚಂದ ಇರ್ತೈತಿ, ನೀವ್ ಹ್ವಾದ್ರ ನಿಂತ್ ಬಿಡ್ತೈತಿ" ಎಂದು ನಕ್ಕ.

ನಾನು ಕಂಪ್ಯೂಟರಿನ ಮುಂದೆ ಕೂತೆ. ಬೆಳಗಿನಿಂದ ಎಲ್ಲ ಸರಿಯಾಗಿತ್ತು. ಊಟದ ಹೊತ್ತು ಹತ್ತಿರವಾಗುತ್ತಿತ್ತು. ತೆರೆಯ ಮೇಲೆ ದೊಡ್ಡ ಹಸಿರು ಅಂಕಿಯಲ್ಲಿ 840. ಎಷ್ಟು ಸ್ಥಿರವಾಗಿದೆಯಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಶಿವಾನಂದ ಬಂದು ನನ್ನ ಭುಜದ ಮೇಲಿಂದ ತೆರೆಯನ್ನು ನೋಡಿ, "ಆತ್ರಿ, ತಗೀತೀನಿ" ಎಂದು ಹೋದ. ಫರ್ನೇಸಿನ ಬಾಗಿಲು ಮೇಲೆದ್ದಿತು. ಒಳಗಿನ ಬಣ್ಣ ನಾನು ಬೆಳಗಿನಿಂದ ನೋಡಿದ್ದ ಕೆಂಪು ಅಲ್ಲ. ಬಿಳಿಗೆ ತಿರುಗಿದ ಹಳದಿ. ಹಾಯಿಸ್ಟು ಆಗಲೇ ಬುಟ್ಟಿಯನ್ನು ಹೊರಗೆಳೆದು ತೊಟ್ಟಿಯ ಮೇಲೆ ತಂದಿತ್ತು. ಬುಟ್ಟಿ ಎಣ್ಣೆ ಮುಟ್ಟಿತು.

ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ದೊಡ್ಡ ಕಂಬಳಿಯನ್ನು ಯಾರೋ ಒಮ್ಮೆಗೇ ಕೊಡವಿದ ಹಾಗೆ. ಬೆಂಕಿ ತೊಟ್ಟಿಯ ಅಂಚಿನಿಂದ ಎದ್ದು ಶೀಟಿನ ಚಾವಣಿ ಮುಟ್ಟಿ ಅಲ್ಲಿ ಹರಡಿಕೊಂಡಿತು. ಶಿವಾನಂದ ಹಿಂದಕ್ಕೆ ಹಾರಿ ಬೆನ್ನ ಮೇಲೆ ಬಿದ್ದ. ಅವನ ಹುಬ್ಬು ಸುಟ್ಟಿತ್ತು, ಮುಂಗೈ ಕೂದಲು ಸುಟ್ಟಿತ್ತು, ಅಷ್ಟೇ. ಯಾರೋ ಮೇನ್ ಸ್ವಿಚ್ ಎಳೆದರು, ಕೆಲಸದವರು ತೊಟ್ಟಿಯ ಕಬ್ಬಿಣದ ಮುಚ್ಚಳ ಎಳೆದು ಮುಚ್ಚಿದರು, ಮರಳು ಎರಚಿದರು. ಬೆಂಕಿ ಉಸಿರುಗಟ್ಟಿ ಸತ್ತಿತು. ಒಂದು ಹೆಜ್ಜೆ ಮುಂದೆ ನಿಂತಿದ್ದರೆ ಅವನು ಇರುತ್ತಿರಲಿಲ್ಲ. ಇದನ್ನು ಎಷ್ಟು ಸಲ ತಲೆಯಲ್ಲಿ ಓಡಿಸಿದ್ದೇನೋ. ಪ್ರತಿ ಸಲವೂ ನಾನು ತೆರೆಯನ್ನೇ ನೋಡುತ್ತಿರುತ್ತೇನೆ, ಪ್ರತಿ ಸಲವೂ ಅಲ್ಲಿ 840 ಇರುತ್ತದೆ.

ನಂಜುಂಡಯ್ಯನವರು ಆಫೀಸಿನಿಂದ ಓಡಿ ಬಂದರು. ಅರವತ್ತು ದಾಟಿದವರು, ಹಣೆಯಲ್ಲಿ ವಿಭೂತಿ. ಮೊದಲು ಶಿವಾನಂದನ ಮೈಯೆಲ್ಲ ಮುಟ್ಟಿ ನೋಡಿದರು. ಏನೂ ಆಗಿಲ್ಲ ಅಂತ ಖಾತ್ರಿಯಾದ ಮೇಲೆ ಕೋಪ ಬಂತು.

"ನಿದ್ದೆ ಮಾಡ್ತಿದ್ಯೇನೋ? ಶಾಖ ನೋಡ್ದೆ ತೆಗೆದ್ಯಾ?"

"ಇಲ್ರಿ ಸಾವ್ಕಾರ್ರ. ನೋಡೇ ತಗದೀನ್ರಿ. ಎಂಟ್ನೂರ ನಲ್ವತ್ ಇತ್ರಿ."

ನಾನು ಮಧ್ಯೆ ಬಾಯಿ ಹಾಕಿದೆ. "ಹೌದು ಸಾರ್, ನಾನೂ ನೋಡ್ತಾ ಇದ್ದೆ. ಎಂಟುನೂರ ನಲವತ್ತೇ ಇತ್ತು."

ಅವರು ನನ್ನ ಕಡೆ ತಿರುಗಿದರು. "ನೋಡಮ್ಮ, ನೀನೇ ಹೇಳ್ತಿದೀಯ, ಕಂಪ್ಯೂಟರ್ ಸರಿಯಾಗೇ ಇತ್ತು ಅಂತ. ಅಂದ್ಮೇಲೆ ತಪ್ಪು ಯಾರದು? ಬೇರೇನೋ ಮಾಡಿದಾನೆ ಇವನು. ಹೀಟರ್ ಸ್ವಿಚ್ ಮುಟ್ಟಿದಾನೆ."

ನನ್ನ ಸಾಕ್ಷಿ ಅವನಿಗೇ ಮುಳ್ಳಾಯಿತು. ಮೇನ್ ಎಳೆದದ್ದರಿಂದ ಕಂಪ್ಯೂಟರೂ ಆರಿಹೋಗಿತ್ತು. ಮತ್ತೆ ಹಾಕಿದಾಗ ಪಾಪದ ಹಸುವಿನ ಹಾಗೆ ಎದ್ದು ಕೂತಿತು. ಅದು ಆಗ ಹ್ಯಾಂಗ್ ಆಗಿತ್ತು ಅನ್ನುವುದಕ್ಕೆ ಒಂದು ಗುರುತೂ ಉಳಿದಿರಲಿಲ್ಲ. ನನಗೆ ಮಾತ್ರ ಆಗ ಹೊಳೆಯಿತು. ಆ ಅಂಕಿ ಎಂದೂ ನೆಟ್ಟಗೆ ನಿಲ್ಲುವುದಿಲ್ಲ. ನಡೆಯುವ ಫರ್ನೇಸಿನಲ್ಲಿ ಅದು ಒಂದೆರಡು ಡಿಗ್ರಿ ಮೇಲೆ ಕೆಳಗೆ ಆಡುತ್ತಲೇ ಇರಬೇಕು. ನಾನು ಮೆಚ್ಚಿಕೊಂಡ ಆ ಸ್ಥಿರತೆಯೇ ಸಾವಿನ ಗುರುತು. ಹೀಟರ್ ಹಾಕಿದ್ದ ಗಳಿಗೆಯಲ್ಲಿ ಯಂತ್ರ ಕಲ್ಲಾಗಿದೆ, ಆರಿಸುವವರು ಯಾರೂ ಇಲ್ಲ, ಶಾಖ ಏರುತ್ತಲೇ ಹೋಗಿದೆ. ಹಿಂದಿನ ಸಲಗಳಲ್ಲಿ ಹೀಟರ್ ಆರಿದ್ದಾಗ ನಿಂತಿರಬೇಕು. ಫರ್ನೇಸು ತಣ್ಣಗಾಗಿ ಗೊತ್ತಾಗಿದೆ, ಅಷ್ಟೇ ವ್ಯತ್ಯಾಸ.

ಇದನ್ನು ಹೇಳಿದೆ. ನಂಜುಂಡಯ್ಯನವರು ಕೇಳಿಸಿಕೊಂಡರು. "ತೋರ್ಸು" ಅಂದರು. "ನಾಳೆ ಒಂದಿನ ಶೆಡ್ ಮುಚ್ತೀನಿ. ತೋರ್ಸಿದ್ರೆ ಸರಿ. ಇಲ್ಲಾಂದ್ರೆ ನಾಡಿದ್ದು ಬೇರೆಯವನನ್ನ ಕೂರಿಸಿ ಫರ್ನೇಸ್ ಹಾಕ್ತೀನಿ. ಇವನು ಊರಿಗೆ ಹೋಗ್ಲಿ." ಶಿವಾನಂದ ಸುಟ್ಟ ಹುಬ್ಬನ್ನು ಬೆರಳಿನಿಂದ ಸವರುತ್ತಾ ನಿಂತಿದ್ದ.

ಎರಡು ಅಪಾಯ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಒಬ್ಬನ ಅನ್ನ ಹೋಗುತ್ತದೆ. ಅವನ ಜಾಗದಲ್ಲಿ ಬರುವವನು ಅದೇ ತೆರೆಯನ್ನು ನಂಬಿ ಅದೇ ಬಾಗಿಲು ತೆಗೆಯುತ್ತಾನೆ, ಹಿಂದಕ್ಕೆ ಹಾರುವಷ್ಟು ಅದೃಷ್ಟ ಅವನಿಗಿರಬೇಕಾಗಿಲ್ಲ.

ಗೋಪಿನಾಥ್ ಸಾರಿಗೆ ಫೋನ್ ಮಾಡಿದೆ. "ಫಾರ್ಮ್ಯಾಟ್ ಹೊಡೆದು ಬನ್ನಿ ಶೈಲಜಾ, ಫರ್ನೇಸ್ ನಮ್ಮ ಕೆಲಸ ಅಲ್ಲ" ಅಂದರು. "ಫಾರ್ಮ್ಯಾಟ್ ಹೊಡೆದರೆ ನಾಳೆ ಸರಿಯಾಗಿ ಓಡತ್ತೆ ಸಾರ್, ಅದೇ ಭಯ. ಕೆಡೋ ತನಕ ಅಲ್ಲೇ ಇರ್ತೀನಿ" ಅಂದೆ. "ಸರಿ, ಹುಷಾರು" ಅಂದರು. ಅವರಿಂದ ಅಷ್ಟು ಉದ್ದದ ಒಪ್ಪಿಗೆ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಮರುದಿನ ನಾನು ಮೊದಲು ಮಾಡಿದ ಕೆಲಸ, ಹೀಟರಿನ ಫ್ಯೂಸುಗಳನ್ನು ತೆಗೆಸಿ ನನ್ನ ಬ್ಯಾಗಿಗೆ ಹಾಕಿಕೊಂಡದ್ದು. ಹೊಸಬರು ಇದನ್ನು ಗಟ್ಟಿಯಾಗಿ ನೆನಪಿಡಿ: ಅಪಾಯದ ಯಂತ್ರವನ್ನು ಪರೀಕ್ಷೆ ಮಾಡುವಾಗ ಅದರ ಪ್ರಾಣ ನಿಮ್ಮ ಬ್ಯಾಗಿನಲ್ಲಿರಬೇಕು. ಆದರೆ ಫರ್ನೇಸು ತಣ್ಣಗಿದ್ದರೆ ತೆರೆಯ ಅಂಕಿ ಅಲುಗಾಡುವುದಿಲ್ಲ. ಅಂಕಿ ಅಲುಗಾಡದಿದ್ದರೆ ಹ್ಯಾಂಗ್ ಆದದ್ದು ನೋಡುವವರಿಗೆ ತಿಳಿಯುವುದಿಲ್ಲ. ಉಗ್ರಾಣದಲ್ಲಿ ಶಾಖದ ಕಡ್ಡಿ ಇನ್ನೊಂದಿತ್ತು. ಅದನ್ನು ಕಂಪ್ಯೂಟರಿಗೆ ಜೋಡಿಸಿ, ಟೀ ಕಾಯಿಸುವ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಯುವ ನೀರು ತರಿಸಿ, ಕಡ್ಡಿಯ ತುದಿಯನ್ನು ಅದರಲ್ಲಿ ಇಳಿಬಿಟ್ಟೆ. ತೆರೆಯ ಮೇಲೆ ತೊಂಬತ್ತರ ಮೇಲಿನ ಅಂಕಿ ಬಂತು. ನೀರು ಆರಿದಂತೆ ಅಂಕಿ ಒಂದೊಂದಾಗಿ ಇಳಿಯಿತು.

ಶಿವಾನಂದ ನೋಡಿ ಬೆರಗಾದ. "ಮೇಡಂ, ಅಷ್ಟ್ ದೊಡ್ ಫರ್ನೇಸ್ ಬಿಟ್ಟು ಚಾದ್ ಪಾತೇಲಿ ತಗೊಂಡ್ ಕುಂತೀರಿ?"

"ಇದು ಉರಿದರೆ ಚಾವಣಿ ಮುಟ್ಟಲ್ಲ ಶಿವಾನಂದ."

ಬೆಳಗಿನಿಂದ ನೀರು ಕಾಯಿಸುವುದು, ಆರುವುದನ್ನು ನೋಡುವುದು, ಮತ್ತೆ ಕಾಯಿಸುವುದು. ಕಂಪ್ಯೂಟರು ಒಂದು ಸಲವೂ ನಿಲ್ಲಲಿಲ್ಲ. ಕೀಬೋರ್ಡ್ ಕುಟ್ಟಿದೆ, ಹೀಟರಿನ ಸಿಗ್ನಲನ್ನು ನೂರು ಸಲ ಹಾಕಿ ಆರಿಸಿದೆ, ಮೇಜನ್ನು ಅಲ್ಲಾಡಿಸಿದೆ. ಉಹುಂ. ನಂಜುಂಡಯ್ಯನವರು ಎರಡು ಸಲ ಬಂದು ಬಾಗಿಲಲ್ಲಿ ನಿಂತು, ಗಡಿಯಾರ ನೋಡಿಕೊಂಡು ಹೋದರು. ರೋಗ ಬರಲಿ ಎಂದು ದೇವರಿಗೆ ಹರಕೆ ಹೊರುವ ವೈದ್ಯರು ಇದ್ದರೆ ಅದು ನಮ್ಮ ಕಸುಬಿನವರು ಮಾತ್ರ.

ನಿನ್ನೆಗೂ ಇವತ್ತಿಗೂ ಏನು ಬೇರೆ? ನಿನ್ನೆ ಶೆಡ್ಡು ನಡೆಯುತ್ತಿತ್ತು, ಇವತ್ತು ಮುಚ್ಚಿದೆ. ಮುಚ್ಚಿದೆ ಅಂದರೆ ಆಫೀಸೂ ಮುಚ್ಚಿದೆ. ಕಂಪ್ಯೂಟರಿನ ಹಿಂದಿನಿಂದ ಒಂದು ನೀಲಿ ನೆಟ್‌ವರ್ಕ್ ಕೇಬಲ್ ಗೋಡೆ ಹತ್ತಿ ಆಫೀಸಿನ ಕಡೆ ಹೋಗುತ್ತಿತ್ತು. ನಾನು ಅದನ್ನೇ ನೋಡುತ್ತಾ ಕೇಳಿದೆ. "ಆಫೀಸಿನಲ್ಲಿ ಈ ಕೇಬಲ್ಲನ್ನ ಯಾರು ಉಪಯೋಗಿಸ್ತಾರೆ?"

"ವಿಜಯಕ್ಕಾರ್ರಿ. ಅಕೌಂಟ್ಸ್ ನೋಡ್ತಾರ."

ವಿಜಯಾ ಅವರ ಮನೆ ದೀಪಾಂಜಲಿ ನಗರದಲ್ಲಿ. ನಂಜುಂಡಯ್ಯನವರು ಫೋನ್ ಮಾಡಿಸಿ, ಆಟೋದಲ್ಲಿ ಕರೆಸಿದರು. ರಜೆ ಸಿಕ್ಕಿತೆಂದು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದವರು ಹಾಗೇ ಜಡೆ ಸುತ್ತಿಕೊಂಡು ಬಂದರು.

"ನಾನೇನ್ ಮಾಡಿದೆ ಮೇಡಮ್? ಲೆಕ್ಕದ ಫೈಲನ್ನ ದಿನಾ ಊಟಕ್ಕೆ ಮುಂಚೆ ಈ ಕಂಪ್ಯೂಟರಿಗೆ ಕಾಪಿ ಮಾಡ್ತೀನಿ ಅಷ್ಟೇ. ಇನ್ನೊಂದು ಕಡೆ ಇಟ್ಕೊಳ್ಳಿ ಅಂತ ನಿಮ್ಮ ಕಂಪನಿಯವರೇ ಹೇಳಿದ್ದು. ಎರಡು ವರ್ಷದಿಂದ ಮಾಡ್ತಾ ಇದೀನಿ, ಏನೂ ಆಗಿರ್ಲಿಲ್ಲ."

"ಈಗಲೂ ಅದನ್ನೇ ಮಾಡಿ. ನಿಲ್ಲಿಸಬೇಡಿ."

ಹೊಸ ನೀರು ಕುದಿಸಿ ತಂದರು. ತೆರೆಯಲ್ಲಿ 94, 93. ಆಫೀಸಿನಿಂದ ವಿಜಯಾ ಕೂಗಿದರು, "ಶುರು ಮಾಡ್ದೆ!" 92. 91. ನಾನು ಉಸಿರು ಬಿಡದೆ ನೋಡಿದೆ. 91. ಇನ್ನೂ 91. ಮೌಸ್ ಅಲ್ಲಾಡಿಸಿದೆ, ಬಾಣದ ಗುರುತು ಕದಲಲಿಲ್ಲ.

"ನಿಂತಿತು!" ಎಂದು ಕಿರುಚಿದೆ. ಮಗು ಹುಟ್ಟಿದಾಗಲೂ ನಾನು ಅಷ್ಟು ಜೋರಾಗಿ ಕೂಗಿರಲಿಲ್ಲ ಅಂತ ಆಮೇಲೆ ನನ್ನ ಗಂಡನಿಗೆ ಹೇಳಿದ್ದೆ.

ನಂಜುಂಡಯ್ಯನವರು ಬಂದರು. ತೆರೆಯನ್ನು ನೋಡಿದರು. "ತೊಂಬತ್ತೊಂದು. ಸರಿಯಾಗೇ ಇದೆಯಲ್ಲಮ್ಮ?"

"ಸ್ವಲ್ಪ ಕೂತ್ಕೊಳ್ಳಿ ಸಾರ್."

ಅವರು ಕೂತರು. ಪಾತ್ರೆಯ ಮೇಲಿನ ಹಬೆ ತೆಳ್ಳಗಾಯಿತು, ಆಮೇಲೆ ನಿಂತೇ ಹೋಯಿತು. ತುಂಬ ಹೊತ್ತಾದ ಮೇಲೆ ನಾನು ಮೊದಲು ನನ್ನ ಕೈಯನ್ನು ಪಾತ್ರೆಗೆ ತಾಗಿಸಿ ನೋಡಿ, ಅವರ ಕಡೆ ತಿರುಗಿದೆ. "ಈಗ ಕಂಪ್ಯೂಟರ್ ಏನು ಹೇಳ್ತಿದೆ ಸಾರ್?"

"ತೊಂಬತ್ತೊಂದು."

"ಹಾಗಾದ್ರೆ ನೀರಿಗೆ ಬೆರಳು ಅದ್ದಿ."

ಅವರು ಹಿಂಜರಿದರು. ತೊಂಬತ್ತೊಂದು ಅಂದರೆ ಕೈ ಬೆಂದುಹೋಗುತ್ತದೆ ಅನ್ನುವುದು ಫರ್ನೇಸಿನ ಜೊತೆ ಬದುಕಿದವರಿಗೆ ಗೊತ್ತು. ತೆರೆ ನೋಡಿದರು, ನನ್ನ ಮುಖ ನೋಡಿದರು, ಕಣ್ಣು ಮುಚ್ಚಿ ಬೆರಳು ಅದ್ದಿದರು. ಕಣ್ಣು ಬಿಟ್ಟಾಗ ಅವರ ಮುಖದಲ್ಲಿ ಇದ್ದದ್ದು ಭಯ. ನಿನ್ನೆಯ ಬೆಂಕಿ ಅವರಿಗೆ ಆಗ ಕಾಣಿಸಿತು ಅನ್ನಿಸುತ್ತದೆ. ಬೆರಳನ್ನು ನೀರಿನಲ್ಲೇ ಬಿಟ್ಟುಕೊಂಡು ಹೇಳಿದರು: "ಬೆಚ್ಚಗೆ ಕೂಡ ಇಲ್ಲ. ಇದು ಸುಳ್ಳು ಹೇಳ್ತಾ ಇದೆ."

"ಅದನ್ನೇ ನೋಡಿ ಶಿವಾನಂದ ಬಾಗಿಲು ತೆಗೆದದ್ದು ಸಾರ್."

ಅವರು ಶಿವಾನಂದನ ಕಡೆ ತಿರುಗಲಿಲ್ಲ. ಪಂಚೆಯ ಅಂಚಿಗೆ ಬೆರಳು ಒರೆಸಿಕೊಂಡು, "ಎರಡು ವರ್ಷ ಸರಿಯಾಗಿತ್ತಲ್ಲ, ಈಗ ಏನಾಯ್ತು ಇದಕ್ಕೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಇಲ್ಲದೆ ರಿಪೇರಿ ಆಯಿತು ಅನ್ನುವಂತಿಲ್ಲ.

ಕಂಪ್ಯೂಟರನ್ನು ಮತ್ತೆ ಎಬ್ಬಿಸಿ ಯಾವ ಕಾರ್ಡಿಗೆ ಯಾವ ಬೆಲ್ ಎಂದು ತೆಗೆದು ನೋಡಿದೆ. ನೆಟ್‌ವರ್ಕ್ ಕಾರ್ಡಿಗೂ ಕಂಟ್ರೋಲ್ ಕಾರ್ಡಿಗೂ ಒಂದೇ. ವಿಜಯಾ ಅವರ ದೊಡ್ಡ ಫೈಲು ಬರುವಾಗ ನೆಟ್‌ವರ್ಕ್ ಕಾರ್ಡು ಎಡೆಬಿಡದೆ ಬೆಲ್ ಒತ್ತುತ್ತದೆ. ಅದೇ ಗಳಿಗೆಯಲ್ಲಿ ಕಂಟ್ರೋಲ್ ಕಾರ್ಡೂ ಒತ್ತಿದರೆ ಮುಗಿಯಿತು. ಆದರೆ ಇಂಥ ಬೋರ್ಡಿನಲ್ಲಿ ಕಾರ್ಡು ಯಾವ ಸ್ಲಾಟಿನಲ್ಲಿ, ಅಂದರೆ ಯಾವ ಸೀಳಿನಲ್ಲಿ, ಕೂತಿದೆ ಅನ್ನುವುದರ ಮೇಲೆ ಬೆಲ್ಲು ನಿರ್ಧಾರವಾಗುತ್ತದೆ. ಎರಡು ವರ್ಷ ಆ ಎರಡು ಕಾರ್ಡಿಗೂ ಬೇರೆ ಬೇರೆ ಬೆಲ್ ಇದ್ದಿರಬೇಕು. ಹಿಂಬದಿಗೆ ಹೋಗಿ ಬಗ್ಗಿ ನೋಡಿದೆ. ನೀಲಿ ಕೇಬಲ್ಲನ್ನು ಮೇಜಿನ ಕಾಲಿಗೆ ಕಟ್ಟಿದ್ದರು. ಕಟ್ಟಿನಿಂದ ಕಾರ್ಡಿನವರೆಗೆ ಅದು ವೀಣೆಯ ತಂತಿಯ ಹಾಗೆ ಬಿಗಿದಿತ್ತು. ಯಾವ ಕೆಲಸಗಾರನೂ ಕೇಬಲ್ಲನ್ನು ಹಾಗೆ ಕಟ್ಟುವುದಿಲ್ಲ. ಕಾರ್ಡು ಮೊದಲು ಹತ್ತಿರದ ಸ್ಲಾಟಿನಲ್ಲಿತ್ತು, ಆಮೇಲೆ ದೂರಕ್ಕೆ ಹೋಗಿದೆ. ಮುಚ್ಚಳ ತೆಗೆದೆ. ಒಳಗೆ ಒಂದು ಕಣ ಧೂಳಿಲ್ಲ. ಪ್ರತಿಯೊಂದು ಕಾರ್ಡಿನ ಲೋಹದ ಪಟ್ಟಿಯ ಒಳಮೈಗೂ ಅರಿಶಿನ, ಕುಂಕುಮದ ಬೊಟ್ಟು. ಕಾರ್ಡು ಹೊರಗೆ ತೆಗೆಯದೆ ಅಲ್ಲಿ ಬೊಟ್ಟು ಇಡಲು ಯಾರ ಬೆರಳಿಗೂ ಸಾಧ್ಯವಿಲ್ಲ.

"ಇದನ್ನ ಯಾರು ಬಿಚ್ಚಿದ್ರು?"

ಶಿವಾನಂದ ಚಾವಣಿ ನೋಡಿದ. ವಿಜಯಾ ಜಡೆ ನೋಡಿಕೊಂಡರು. ನಂಜುಂಡಯ್ಯನವರು ಹೆಮ್ಮೆಯಿಂದಲೇ ಹೇಳಿದರು.

"ನಾನೇ ಕಣಮ್ಮ. ಆಯುಧಪೂಜೆ ದಿನ ಯಂತ್ರಗಳನ್ನೆಲ್ಲ ನನ್ನ ಕೈಯಾರೆ ಬಿಚ್ಚಿ ಒರೆಸಿ ಪೂಜೆ ಮಾಡ್ತೀನಿ, ನಮ್ಮಪ್ಪನ ಕಾಲದಿಂದ ಪದ್ಧತಿ. ಲೇತಿನ ಚಕ್ಕು ಕೂಡ ಬಿಚ್ತೀನಿ. ಹೋದ ವರ್ಷ ಕಂಪ್ಯೂಟರ್ ಮೇಲ್ಗಡೆ ಮಾತ್ರ ಒರೆಸಿದ್ದೆ. ಮನಸ್ಸಿಗೆ ಸಮಾಧಾನ ಆಗ್ಲಿಲ್ಲ. ಈ ಸಲ ಒಂದೊಂದೇ ಹೊರಗೆ ತೆಗೆದು, ಒರೆಸಿ, ಬೊಟ್ಟಿಟ್ಟು, ವಾಪಸ್..."

ಮಾತು ಅಲ್ಲೇ ನಿಂತಿತು. ಬೇರೆ ಯಾರೂ ಅದನ್ನು ಪೂರ್ತಿ ಮಾಡಬೇಕಾಗಿರಲಿಲ್ಲ. ಲೇತಿನಲ್ಲಿ ಕಬ್ಬಿಣ ಕಚ್ಚಿ ಹಿಡಿಯುವ ಚಕ್ಕು ಒಂದೇ ಕಡೆ ಕೂರುತ್ತದೆ. ಕಾರ್ಡು ಯಾವ ಸ್ಲಾಟಿನಲ್ಲಿ ಬೇಕಾದರೂ ಕೂರುತ್ತದೆ. ಅವರು ನಿಧಾನವಾಗಿ ಸ್ಟೂಲಿನ ಮೇಲೆ ಕೂತರು.

"ಭಕ್ತಿಗೆ ಏನೂ ದೋಷ ಇಲ್ಲ ಸಾರ್" ಅಂದೆ. "ಇಷ್ಟು ಸ್ವಚ್ಛವಾದ ಕಂಪ್ಯೂಟರ್ ನನ್ನ ಸರ್ವಿಸಿನಲ್ಲಿ ನೋಡಿಲ್ಲ. ಇನ್ನು ಮುಂದೆ ಬೊಟ್ಟು ಹೊರಗಡೆ ಇಡಿ."

ಅವರಿಗೆ ನಗು ಬಂತು, ನಗಲು ಆಗಲಿಲ್ಲ. ಎದ್ದು ಶಿವಾನಂದನ ಹತ್ತಿರ ಹೋಗಿ ಕೂದಲು ಸುಟ್ಟ ಅವನ ಮುಂಗೈ ಹಿಡಿದುಕೊಂಡರು. "ನನ್ನ ಕೈಯಿಂದ ಆಗಿದ್ದನ್ನ ನಿನ್ನ ತಲೆಗೆ ಕಟ್ಟಿದ್ನಲ್ಲೋ."

ಶಿವಾನಂದ ಮೆಲ್ಲಗೆ ಕೈ ಬಿಡಿಸಿಕೊಂಡ. "ಇರ್ಲಿ ಬಿಡ್ರಿ ಸಾವ್ಕಾರ್ರ. ಹುಬ್ಬು ಮತ್ತ ಬರ್ತಾವು. ಲಗ್ನದ ಫೋಟೋ ಹೊಡ್ಸಿ ಆಗೈತಿ."

ಆಗ ಎಲ್ಲರೂ ನಕ್ಕೆವು. ನಂಜುಂಡಯ್ಯನವರೂ.

ಕಾರ್ಡನ್ನು ಹಳೆಯ ಸ್ಲಾಟಿಗೆ ಹಾಕಿದೆ. ಕೇಬಲ್ ಸಡಿಲವಾಗಿ ತೂಗಿತು. ಎರಡಕ್ಕೂ ಬೇರೆ ಬೇರೆ ಬೆಲ್ ಬಂದದ್ದನ್ನು ನೋಡಿಕೊಂಡೆ. ಮಧ್ಯಾಹ್ನವೆಲ್ಲ ವಿಜಯಾ ಕಾಪಿ ಮಾಡಿದರು, ನಾವು ನೀರು ಕಾಯಿಸಿದೆವು. ಅಂಕಿ ಒಂದು ಸಲವೂ ನಿಲ್ಲಲಿಲ್ಲ. ಆದರೂ ಫ್ಯೂಸನ್ನು ನಾನು ಕೊಡಲಿಲ್ಲ. ಕಂಪ್ಯೂಟರಿನ ಹಂಗಿಲ್ಲದ ಒಂದು ಮೀಟರು, ಶಾಖ ಮೀರಿದರೆ ತಾನೇ ಕರೆಂಟು ಕಡಿದು ಹೂಟರ್ ಬಾರಿಸುವಂಥದ್ದು, ಗೋಡೆಯ ಮೇಲೆ ಬರುವವರೆಗೂ ಕೊಡುವುದಿಲ್ಲ ಅಂದೆ. ನಿನ್ನೆ ನೋಡಿದ್ದನ್ನು ನೋಡಿದ ಮೇಲೆ ಯಾವ ಕಂಪ್ಯೂಟರಿಗೂ ಒಬ್ಬ ಮನುಷ್ಯನನ್ನು ಒಪ್ಪಿಸಿ ಹೋಗಲು ನನಗೆ ಸಾಧ್ಯವಿರಲಿಲ್ಲ, ನಾನೇ ರಿಪೇರಿ ಮಾಡಿದ್ದಾದರೂ. ನಂಜುಂಡಯ್ಯನವರು ವಾದ ಮಾಡಲಿಲ್ಲ. ಅಂದೇ ಆಳು ಕಳಿಸಿ ಮೀಟರ್ ತರಿಸಿ ಹಾಕಿಸಿದರು. ಗೋಪಿನಾಥ್ ಸಾರಿಗೆ ಸಂಜೆ ಎಲ್ಲ ವಿವರಿಸಿದಾಗ, "ಹಾಗಾದ್ರೆ ಫಾರ್ಮ್ಯಾಟ್ ಹೊಡೀಲೇ ಇಲ್ವಾ?" ಎಂದರು. ಆದರೆ ಮುಂದಿನ ವಾರದಿಂದ ಹ್ಯಾಂಗ್ ಕಂಪ್ಲೇಂಟಿಗೆ ಹೋಗುವ ಹುಡುಗರಿಗೆಲ್ಲ, "ಮೊದಲು ಶೈಲಜಾನ ಕೇಳಿ" ಅನ್ನತೊಡಗಿದರು.

ಫರ್ನೇಸನ್ನು ಮತ್ತೆ ಹಾಕುವ ದಿನ ನಾನೂ ಇದ್ದೆ. ಕರೆಯದಿದ್ದರೂ ಹೋಗುತ್ತಿದ್ದೆ. ಬೇಕೆಂದೇ ವಿಜಯಾ ಅವರಿಗೆ ಆ ಹೊತ್ತಿನಲ್ಲೇ ಕಾಪಿ ಶುರು ಮಾಡಲು ಹೇಳಿದ್ದೆವು. ತೆರೆಯ ಮೇಲೆ ಅಂಕಿ 839, 841, 840, 842, ಜೀವ ಇರುವ ಪ್ರಾಣಿಯ ಹಾಗೆ ಆಡುತ್ತಿತ್ತು. ಗೋಡೆಯ ಮೀಟರೂ ಅದನ್ನೇ ಹೇಳುತ್ತಿತ್ತು.

ನಂಜುಂಡಯ್ಯನವರು ಪಂಚೆ ಎತ್ತಿ ಕಟ್ಟಿ ತಂತಿಗೆ ತೂಗುತ್ತಿದ್ದ ಹಾಯಿಸ್ಟಿನ ಗುಂಡಿಪೆಟ್ಟಿಗೆಗೆ ಕೈ ಹಾಕಿದರು. "ಇವತ್ತು ನಾನು ತೆಗೀತೀನಿ. ಏನಾದ್ರೂ ಆದ್ರೆ ನನಗೇ ಆಗ್ಲಿ."

ಶಿವಾನಂದ ಅವರ ಕೈಯಿಂದ ಪೆಟ್ಟಿಗೆಯನ್ನು ಕಿತ್ತುಕೊಂಡ. "ಸರೀರಿ ಸಾವ್ಕಾರ್ರ ಆಚೀಕ. ನಿಮಗ ಪೂಜಿ ಮಾಡಾಕ ಬರ್ತೈತಿ, ಬುಟ್ಟಿ ಇಳ್ಸಾಕ್ ಬರಂಗಿಲ್ಲ."

ಯಜಮಾನರಿಗೆ ಹಾಗೆ ಅಂದವನನ್ನು ಆ ಶೆಡ್ಡು ಅದುವರೆಗೆ ಕಂಡಿರಲಿಲ್ಲ. ಅವರು ಸರಿದು ನಿಂತರು.

ಬಾಗಿಲು ಎದ್ದಿತು. ಒಳಗೆ ಮಾಗಿದ ಚೆರ್ರಿ ಹಣ್ಣಿನ ಕೆಂಪು. ಶಿವಾನಂದ ಬಣ್ಣ ನೋಡಿದ, ತೆರೆ ನೋಡಿದ, ಮೀಟರ್ ನೋಡಿದ, ಬುಟ್ಟಿ ಎಳೆದ. ಅದು ತೊಟ್ಟಿಯ ಮೇಲೆ ಬಂದು ನಿಂತಾಗ ನಾನು ಕಣ್ಣು ಮುಚ್ಚಬಾರದೆಂದು ಹಲ್ಲು ಕಚ್ಚಿಕೊಂಡೆ. ಬುಟ್ಟಿ ಎಣ್ಣೆಯಲ್ಲಿ ಇಳಿಯಿತು. ಬಾಣಲೆಗೆ ಹಪ್ಪಳ ಬಿಟ್ಟ ಹಾಗೆ ಸುಂಯ್ ಅಂದಿತು.

ಬಿಳಿಯ ಹೊಗೆ ಎದ್ದು ಚಾವಣಿಯ ಕಿಂಡಿಯಲ್ಲಿ ಹೋಯಿತು. ಅಷ್ಟೇ. ಎಲ್ಲರೂ ಒಟ್ಟಿಗೆ ಕೂಗಿದರು. ನಂಜುಂಡಯ್ಯನವರು ಯಾರಿಗೆಂದು ತಿಳಿಯದೆ ಎಲ್ಲ ದಿಕ್ಕಿಗೂ ಕೈ ಮುಗಿದರು.

ಆ ಗಲಾಟೆಯ ನಡುವೆ ಆಫೀಸಿನಿಂದ ವಿಜಯಾ ಅವರ ದನಿ ಬಂತು. "ಏನಾಯ್ತು? ಕಾಪಿ ನಿಲ್ಲಿಸ್ಲಾ?"

ಶಿವಾನಂದ ಹಾಯಿಸ್ಟಿನ ಗುಂಡಿಪೆಟ್ಟಿಗೆ ಹಿಡಿದೇ ತಿರುಗಿ, ಶೆಡ್ಡು ಅದುರುವ ಹಾಗೆ ಕೂಗಿದ.

"ಮಾಡ್ರೀ ಅಕ್ಕಾರ! ಎಷ್ಟ್ ಬೇಕೋ ಅಷ್ಟ್ ಮಾಡ್ರೀ!"